ತುತ್ತನಾಗ

ಸಾಗರ ಸೀಮೆಯ ನಮ್ಮ ಮನೆಯ ಜಗಲಿಯಲ್ಲಿ, ಬಂದ ನೆಂಟರು ಕಾಲು ತೊಳೆದು ಕಂಬಳಿಯ ಮೇಲೆ ಕುಳಿತು ಆಸರಿಗೆ ಕುಡಿದಾದ ಮೇಲೆ ಅವರ ಮುಂದೆ ಬಂದು ಕೂರುತ್ತಿದ್ದುದು ಎಲೆಯಡಿಕೆಯ ಕವಳದ ತಬಕು. ಅಂಥ ತಬಕುಗಳು ನಮ್ಮಲ್ಲಿ ಎರಡಿದ್ದುವು. ಒಂದು ಹಿತ್ತಾಳೆಯದು, ನಿತ್ಯದ ಬಳಕೆಯದು, ಅಂಚು ಸೊಟ್ಟಗಾಗಿ ಸುಣ್ಣದ ಕಲೆ ಹಿಡಿದದ್ದು. ಇನ್ನೊಂದನ್ನು ಹಬ್ಬ ಮದುವೆ ಮುಂಜಿ ಶ್ರಾದ್ಧಗಳಲ್ಲಿಯೂ, ಬೀಗರು ಬಂದಾಗಲೂ ಮಾತ್ರ ಅಜ್ಜಿ ತನ್ನ ಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತಿದ್ದಳು. ಅದು ಬೆಳ್ಳಿಯದು ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿದ್ದ, ಯಾರೂ ಎಂದೂ ಪರೀಕ್ಷಿಸದಿದ್ದ ಸಂಗತಿ. ಮೊಟ್ಟೆಯಾಕಾರದ, ಅಂಚಿನ ಸುತ್ತ ದ್ರಾಕ್ಷಿಬಳ್ಳಿಯನ್ನು ಉಬ್ಬುಕೆತ್ತನೆಯಲ್ಲಿ ತೋರಿಸಿದ್ದ ಆ ತಬಕನ್ನು ಅಜ್ಜಿಯ ತಂದೆ, ಅಡಿಕೆಯ ವ್ಯಾಪಾರಿಯೊಬ್ಬರ ಕೈಯಲ್ಲಿ ಬೊಂಬಾಯಿಯಿಂದ ತರಿಸಿ, ಮಗಳ ಮದುವೆಯಲ್ಲಿ ಉಡುಗೊರೆಯಾಗಿ ಕೊಟ್ಟಿದ್ದರಂತೆ. ಅದನ್ನು ಬೋರಲು ಹಾಕಿದರೆ ನಡುವೆ ಎಳ್ಳಿನಷ್ಟಷ್ಟೇ ದೊಡ್ಡದಾದ ನಾಲ್ಕು ಚೌಕಗಳು, ಚೌಕಕ್ಕೊಂದರಂತೆ ನಾಲ್ಕು ಇಂಗ್ಲಿಷ್ ಅಕ್ಷರಗಳು. ಅಜ್ಜಿಗೆ ಆ ಅಕ್ಷರಗಳನ್ನು ಓದಲು ಬರುತ್ತಿರಲಿಲ್ಲ. ಆದರೆ ಯಾರಾದರೂ ಸೊಸೆಯಂದಿರು ತಬಕಿನ ವಿಷಯದಲ್ಲಿ ಸಂದೇಹದ ನಗೆ ನಕ್ಕರೆ ಅವಳು ಅದನ್ನು ತಿರುಗಿಸಿ ಆ ಮುದ್ರೆಯನ್ನು ತೋರಿಸಿ ಮಾತು ಮುಗಿಸುತ್ತಿದ್ದಳು.

ಹಬ್ಬದ ಹಿಂದಿನ ದಿನ ಅದನ್ನು ತಿಕ್ಕುವ ಕೆಲಸವನ್ನು ಅಜ್ಜಿ ಇನ್ನೊಬ್ಬರಿಗೆ ಒಪ್ಪಿಸಿದ್ದು ನನಗೆ ನೆನಪಿಲ್ಲ. ಬಚ್ಚಲ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು, ನೆನೆಸಿದ ಹುಣಸೆಹಣ್ಣಿನ ಗಷ್ಟನ್ನು ಮೊದಲು ಬಳಿದು, ಆಮೇಲೆ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಂಗಿನ ಜುಂಗಿನಲ್ಲಿ ಅದ್ದಿ, ಬಳ್ಳಿಯ ಒಂದೊಂದು ಎಲೆಯ ಸಂದಿನಲ್ಲಿಯೂ ಹೆಬ್ಬೆರಳಿನ ಉಗುರನ್ನು ಆಡಿಸುತ್ತ ಅವಳು ಉಜ್ಜುತ್ತಿದ್ದ ರೀತಿ, ಮೊಮ್ಮಕ್ಕಳ ಕಿವಿಯ ಹಿಂದೆ ಎಣ್ಣೆ ತಿಕ್ಕುವ ರೀತಿಗಿಂತ ಹೆಚ್ಚು ಬೇರೆಯಾಗಿರಲಿಲ್ಲ. ತೊಳೆದು ಒರೆಸಿ ಬಿಸಿಲಿಗೆ ಹಿಡಿದಾಗ ಅದರ ಹೊಳಪಿನಲ್ಲಿ, ನಡುಭಾಗದಲ್ಲಿ, ಅತಿ ಸೂಕ್ಷ್ಮವಾದ ಒಂದು ಹಳದಿಯ ಛಾಯೆ ಕಾಣುತ್ತಿದ್ದಿತು. ಅದು ಹುಣಸೆಹಣ್ಣಿನ ಬಣ್ಣವೆಂದು ನಾನು ಭಾವಿಸಿದ್ದೆ.

1948ರ ಮಳೆಗಾಲದಲ್ಲಿ ನಮ್ಮ ತೋಟಕ್ಕೆ ಕೊಳೆ ಬಂದಿತು. ಆಷಾಢದಲ್ಲಿ ಹಿಡಿದ ಮಳೆ ಶ್ರಾವಣ ಕಳೆದರೂ ಬಿಡಲಿಲ್ಲ. ಹಸಿರು ಕಾಯಿಗಳು ಬುಡದಲ್ಲಿ ನೀರು ತುಂಬಿಕೊಂಡಂತಾಗಿ, ಬಿಳಿಯ ಬೂಷ್ಟು ಹಿಡಿದು, ರಾತ್ರಿಯೆಲ್ಲ ಟಪಟಪನೆ ಉದುರುವ ಸದ್ದನ್ನು ಹಾಸಿಗೆಯಲ್ಲಿ ಮಲಗಿಯೇ ಎಣಿಸಬಹುದಾಗಿದ್ದಿತು. ಕೊಳೆಗೆ ಮದ್ದು ಹೊಡೆಯುವ ಪದ್ಧತಿ ನಮ್ಮ ಸೀಮೆಗೆ ಹೊಸತೇನೂ ಆಗಿರಲಿಲ್ಲ. ಮೈಸೂರು ಸರ್ಕಾರದ ಕೃಷಿ ಶಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೇ ಈ ರೋಗವನ್ನು ಶೋಧಿಸಿ, ಮೈಲುತುತ್ತ ಮತ್ತು ಸುಣ್ಣಗಳನ್ನು ಕೂಡಿಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವುದನ್ನು ಕಲಿಸಿಕೊಟ್ಟಿದ್ದರು. ಅದಕ್ಕೆ ಮುಂಚೆ ನಮ್ಮವರಿಗೆ ತಿಳಿದಿದ್ದುದು ಹಾಳೆಯ ಕೊಟ್ಟೆಯನ್ನು ಗೊನೆಗೆ ಕಟ್ಟಿ ದೇವರ ಮೇಲೆ ಭಾರ ಹಾಕುವುದು ಮಾತ್ರ. ಆದರೆ ಆ ವರ್ಷ ಮದ್ದು ಹೊಡೆಯಲು ಬಿಡುವೇ ಕೊಡದೆ ಮಳೆ ಸುರಿಯಿತು. ಫಸಲಿನ ಮುಕ್ಕಾಲು ಪಾಲು ಮಣ್ಣುಪಾಲಾಗಿ, ಮಂಡಿಯಲ್ಲಿ ಮುಂಗಡ ತೆಗೆದಿದ್ದ ಸಾಲ ಬಾಯ್ದೆರೆದು ನಿಂತಾಗ, ಅಪ್ಪಯ್ಯ ಒಂದು ಬೆಳಿಗ್ಗೆ ತಬಕನ್ನು ಪಂಚೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟು, ನನ್ನನ್ನೂ ಜೊತೆಗೆ ಕರೆದುಕೊಂಡು ಪೇಟೆಗೆ ಹೊರಟನು. ಅಜ್ಜಿ ತಡೆಯಲಿಲ್ಲ. ಪಂಚೆಯ ಗಂಟು ಸಡಿಲವಾಗಿದೆಯೆಂದು ಹೇಳಿ ತಾನೇ ಅದನ್ನು ಬಿಗಿಮಾಡಿ ಕಳುಹಿಸಿದಳು.

ಪೇಟೆಯ ಶೇಟರ ಅಂಗಡಿಯೆಂದರೆ ಅಗಲವಾದ ಒಂದು ಮಣೆ, ಅದರ ಮುಂದೆ ಇದ್ದಲಿನ ಅಗ್ಗಿಷ್ಟಿಕೆ, ಊದುಗೊಳವೆ, ಇಕ್ಕಳಗಳು, ಮತ್ತು ಗಾಜಿನ ಮುಚ್ಚಳದ ಸಣ್ಣ ಕುಪ್ಪಿಯಲ್ಲಿ ದ್ರಾವಕ. ಶೇಟರು ತಬಕನ್ನು ಬೆರಳಿನಿಂದ ತಟ್ಟಿ ಸದ್ದನ್ನು ಕೇಳಿದರು. ಅಂಗೈಯಲ್ಲಿಟ್ಟು ತೂಗಿ ನೋಡಿದರು. ಬೆಲೆಯ ಮಾತು ಬಾರದಿದ್ದುದನ್ನು ಕಂಡು ಅಪ್ಪಯ್ಯನ ಕೈ ಜನಿವಾರದ ಕಡೆಗೆ ಹೋಯಿತು. ಅನಂತರ ಅವರು ಅಂಚಿನ ಅಡಿಭಾಗದಲ್ಲಿ, ಯಾರಿಗೂ ಕಾಣದ ಒಂದು ಮೂಲೆಯಲ್ಲಿ, ಅರದಿಂದ ಎರಡು ಬಾರಿ ಎಳೆದು ಅಕ್ಕಿಕಾಳಿನುದ್ದದ ಗಾಯವೊಂದನ್ನು ಮಾಡಿ, ಗಾಜಿನ ಕಡ್ಡಿಯ ತುದಿಯಿಂದ ಅದರ ಮೇಲೆ ದ್ರಾವಕದ ಒಂದು ಹನಿಯನ್ನು ಬಿಟ್ಟರು. ಹನಿ ಸಣ್ಣಗೆ ನೊರೆಯೆದ್ದು, ನಾನು ಬಗ್ಗಿ ನೋಡುತ್ತಿದ್ದಂತೆಯೇ, ಎಳೆಯ ಹುಲ್ಲಿನ ಹಸಿರಾಯಿತು. ಅಪ್ಪಟ ಬೆಳ್ಳಿಯಾಗಿದ್ದರೆ ಹಾಲು ಒಡೆದ ಬಣ್ಣ ಬರಬೇಕಾಗಿದ್ದಿತಂತೆ.

“ಭಟ್ರೇ, ಇದು ಬೆಳ್ಳಿ ಅಲ್ಲ. ಜರ್ಮನ್ ಬೆಳ್ಳಿ,” ಎಂದರು ಶೇಟರು, ಹನಿಯನ್ನು ಬಟ್ಟೆಯಿಂದ ಒರೆಸುತ್ತ, ಒಂದು ಸಾವಿನ ಸುದ್ದಿ ಹೇಳುವವರ ಮೆಲುದನಿಯಲ್ಲಿ.

ಹತ್ತು ವರ್ಷದ ಹುಡುಗನಾಗಿದ್ದ ನನಗೆ ಅದರಲ್ಲಿ ದುಃಖಪಡತಕ್ಕದ್ದೇನೂ ಕಾಣಲಿಲ್ಲ. ಜರ್ಮನಿಯವರ ಯುದ್ಧದ ಸುದ್ದಿಯನ್ನು ಕೇಳುತ್ತಲೇ ಬೆಳೆದಿದ್ದ ನನಗೆ, ಅವರು ವಿಮಾನ ಫಿರಂಗಿಗಳಲ್ಲಿ ಗಟ್ಟಿಗರಾಗಿದ್ದಂತೆ ಬೆಳ್ಳಿಯಲ್ಲಿಯೂ ಗಟ್ಟಿಗರಾಗಿರಬೇಕು, ನಮ್ಮ ತಬಕು ಸಾಮಾನ್ಯ ಬೆಳ್ಳಿಗಿಂತ ಒಂದು ಕೈ ಮೇಲಿನದೇ ಇರಬೇಕು ಎನ್ನಿಸಿತು. ಮನೆಯ ದಾರಿಯಲ್ಲಿ ಅದನ್ನು ಅಪ್ಪಯ್ಯನಲ್ಲಿ ಕೇಳಿಯೂ ಕೇಳಿದೆ. ಅವನು ಬಹಳ ದೂರ ಸುಮ್ಮನೆ ನಡೆದು, ಸಂಕದ ಬಳಿ ಬಂದಾಗ, “ಹೆಸರು ಮಾತ್ರ ಬೆಳ್ಳಿ, ಮಾಣಿ,” ಎಂದನು. ಅಜ್ಜಿಗೆ ಸುದ್ದಿ ಹೇಳಿದ್ದು ಅವನಲ್ಲ, ನಾನು. ಅವಳು ನಂಬಲಿಲ್ಲ. ಜಗಲಿಗೆ ಬಂದವರಿಗೆಲ್ಲ, “ಬೆಳ್ಳಿ ಅಲ್ದಡ! ಎನ್ನ ಅಪ್ಪಯ್ಯ ಸುಳ್ಳು ಹೇಳವ ಅಲ್ಲ,” ಎಂದು ಎರಡು ದಿನ ಹೇಳಿದಳು; ಮೂರನೆಯ ದಿನದಿಂದ ಆ ಮಾತನ್ನೇ ಬಿಟ್ಟಳು. ತಬಕು ಪೆಟ್ಟಿಗೆಯೊಳಕ್ಕೆ ಮರಳಿ ಹೋಗದೆ ಮೆತ್ತಿನ ಮೇಲಕ್ಕೆ ಹೋಯಿತು. ಅಲ್ಲಿ, ಮಳೆಗಾಲದ ಔಷಧಿಗಾಗಿ ತಂದಿಟ್ಟಿದ್ದ ಮೈಲುತುತ್ತದ ಹರಳುಗಳನ್ನು ಹಾಕಿಡಲು ಯಾರೋ ಅದನ್ನು ಹಿಡಿದರು. ಅದರ ದ್ರಾಕ್ಷಿಬಳ್ಳಿಯ ಸಂದಿಗಳಲ್ಲಿ ನೀಲಿಯೂ ಹಸಿರೂ ಆದ ಕಿಲುಬು ನಿಧಾನವಾಗಿ ಕೂತಿತು.

ಮೈಲುತುತ್ತವನ್ನು ನೋಡದವರಿಗೆ ಅದರ ಬಣ್ಣವನ್ನು ಹೇಳುವುದು ಕಷ್ಟ. ಆಕಾಶದ ನೀಲಿಯೂ ಅದಲ್ಲ, ಶಂಖಪುಷ್ಪದ ನೀಲಿಯೂ ಅದಲ್ಲ. ನಮ್ಮ ಹಿಂದಿನವರು ಅದನ್ನು ಒಂದೇ ಸಲಕ್ಕೆ ಸರಿಯಾಗಿ ಕಂಡಿದ್ದರು: ಅಮರಕೋಶ ಅದಕ್ಕೆ ಶಿಖಿಗ್ರೀವವೆಂಬ ಹೆಸರನ್ನು ಕೊಟ್ಟಿದೆ, ನವಿಲಿನ ಕತ್ತು. ಸಂಸ್ಕೃತದ ಮಯೂರತುತ್ಥವೂ ಅದೇ, ನಮ್ಮ ಮೈಲುತುತ್ತವೂ ಅದೇ. ಬೆಳಿಗ್ಗೆ ಸೂರ್ಯನಿಗಿಂತ ಮುಂಚೆ ಎಬ್ಬಿಸಿ ಅಮರವನ್ನು ಬಾಯಿಪಾಠ ಮಾಡಿಸುತ್ತಿದ್ದ ಕಾಲ ಅದು. ಮಾಡಿಸಿದವರು ಅರ್ಥವನ್ನು ಹೇಳುತ್ತಿರಲಿಲ್ಲ, ಹೇಳಿದ್ದರೂ ನಾವು ಕೇಳುತ್ತಿರಲಿಲ್ಲ. ಹಾಗೆ ಅರ್ಥವಿಲ್ಲದೆ ನುಂಗಿದ ಶಬ್ದಗಳಲ್ಲಿ ತುತ್ಥವೊಂದು, ಸೀಸದ ಹೆಸರುಗಳ ಸಾಲಿನಲ್ಲಿ ಬರುವ ನಾಗವೊಂದು. ಅವೆರಡೂ ಒಂದು ದಿನ ಕೈಹಿಡಿದುಕೊಂಡು ನನ್ನೆದುರಿಗೆ ಬಂದು ನಿಲ್ಲುವುವೆಂದು ಆಗ ಯಾರು ತಾನೆ ಹೇಳಬಲ್ಲವರಾಗಿದ್ದರು?

ಮದ್ದು ಕೂಡಿಸುವ ದಿನ ನಮಗೆ, ಮಕ್ಕಳಿಗೆ, ಒಂದು ಹಬ್ಬ. ತುತ್ತದ ನೀರನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದು. ಮಣ್ಣಿನ ಬಾನಿಯೋ ಮರದ ಪೀಪಾಯಿಯೋ ಆಗಬೇಕು. ಸುಣ್ಣದ ತಿಳಿಯೊಂದಿಗೆ ಅದು ಹದವಾಗಿ ಕೂಡಿದೆಯೋ ಇಲ್ಲವೋ ಎಂಬುದನ್ನು ನೋಡಲು, ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರ ತನ್ನ ಸೊಂಟದ ಕತ್ತಿಯನ್ನು ಮಸೆದು ಉಜ್ವಲಗೊಳಿಸಿ ದ್ರಾವಣದಲ್ಲಿ ಅದ್ದುತ್ತಿದ್ದನು. ಹೊರಗೆ ತೆಗೆದಾಗ ಅಲಗು ಬೆಳ್ಳಗೇ ಇದ್ದರೆ ಹದ ಸರಿ. ಕೆಂಪು ತಿರುಗಿದ್ದರೆ ಸುಣ್ಣ ಸಾಲದು. ಕಬ್ಬಿಣದ ಕತ್ತಿ ಕಣ್ಣೆದುರಿಗೇ ತಾಮ್ರದ ಕತ್ತಿಯಾಗಿ ಹೊರಬರುವುದನ್ನು ನೋಡುವ ಆಸೆಯಿಂದ, ಸುಣ್ಣ ಕಡಮೆ ಬೀಳಲೆಂದು ನಾವು ಒಳಗೊಳಗೇ ಹಾರೈಸುತ್ತಿದ್ದೆವು. ಒಂದು ಲೋಹ ಇನ್ನೊಂದರ ವೇಷ ಹಾಕಬಲ್ಲುದೆಂಬ ಪಾಠ ನನಗೆ ಶಾಲೆಗಿಂತ ಮೊದಲು ಆ ಬಾನಿಯ ಬುಡದಲ್ಲಿ ಆಯಿತು.

ಮುಂದೆ ಮೈಸೂರಿಗೆ ಓದಲು ಹೋದೆ. ಓದಿದ್ದು ಇತಿಹಾಸ, ಆದರೆ ಗ್ರಂಥಾಲಯದಲ್ಲಿ ಹೆಚ್ಚು ಹೊತ್ತು ಕಳೆದದ್ದು ನಿಘಂಟುಗಳ ಕಪಾಟಿನ ಬಳಿಯಲ್ಲಿ. ಅಲ್ಲೊಂದು ಮಧ್ಯಾಹ್ನ, ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು ವಿದ್ವಾಂಸರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ವಿಲಕ್ಷಣವಾದ ಹೆಸರಿನ ಕೋಶವನ್ನು — ಭಾರತದ ನುಡಿಗಳಿಂದ ಇಂಗ್ಲಿಷರ ಬಾಯಿಗೆ ಹೋದ ಮಾತುಗಳ ಕೋಶವದು — ಕಾಲಹರಣಕ್ಕೆಂದು ತಿರುವಿಹಾಕುತ್ತಿದ್ದಾಗ, ‘ಟೂಟ್‌ನೇಗ್’ ಎಂಬ ಶಬ್ದ ಕಣ್ಣಿಗೆ ಬಿದ್ದಿತು. ಇಂಗ್ಲಿಷಿನ ಉಡುಪಿನಲ್ಲಿದ್ದುದರಿಂದ ಮೊದಲು ಗುರುತು ಸಿಕ್ಕಲಿಲ್ಲ. ಪೋರ್ಚುಗೀಸರ ‘ತುತೆನಾಗ’ವೆಂಬ ರೂಪವನ್ನು ನೋಡಿದಾಗ ತುಟಿ ತಾನಾಗಿ ಅಲುಗಿತು: ತುತ್ತನಾಗ! ನಮ್ಮಲ್ಲಿ ಸತುವಿಗೆ ಇರುವ ಹಳೆಯ ಹೆಸರು ಅದೇ ಅಲ್ಲವೆ? ತಮಿಳರಿಗೆ ಇಂದಿಗೂ ಅದು ತುತ್ತನಾಗಂ, ತೆಲುಗರಿಗೆ ತುತ್ತುನಾಗಮು. ಆ ಶಬ್ದಕ್ಕೆ ಕೋಶಕಾರರು ಎರಡು ಅರ್ಥಗಳನ್ನು ಹೇಳಿದ್ದರು. ಒಂದು, ಸತು. ಇನ್ನೊಂದು, ಚೀನಾ ದೇಶದಿಂದ ಬರುತ್ತಿದ್ದ, ತಾಮ್ರ ಸತು ನಿಕಲ್‌ಗಳ ಬೆರಕೆಯಾದ, ಬೆಳ್ಳಿಯಂತೆ ಹೊಳೆಯುವ ಒಂದು ಮಿಶ್ರಲೋಹ. ಆ ಎರಡನೆಯದರ ವಿವರವನ್ನು ಇನ್ನೊಂದು ಗ್ರಂಥದಲ್ಲಿ ಹುಡುಕಿ ಓದುತ್ತ ಹೋದಾಗ ಪುಟದ ನಡುವೆ ಶೇಟರ ಮಾತು ಬಂದು ಕೂತಿತ್ತು: ಜರ್ಮನ್ ಬೆಳ್ಳಿ.

ಮೂಲದ ವಿಷಯದಲ್ಲಿ ಕೋಶಕಾರರಿಗೇ ಸಂದೇಹವಿದ್ದಿತು. ಮೊದಲ ಭಾಗ ಸಂಸ್ಕೃತದ ತುತ್ಥ, ಪಾರಸಿಯ ತೂತಿಯಾ ಎಂಬುದರಲ್ಲಿ ಅವರು ದೃಢವಾಗಿದ್ದಾರೆ; ಕೊನೆಯ ‘ನಾಗ’ ಮಾತ್ರ ಪಾರಸಿಯ ಒಂದು ಪ್ರತ್ಯಯವಿರಬಹುದೇ, ಸೀಸವೆಂಬ ಅರ್ಥದ ನಾಗವಿರಬಹುದೇ ಎಂದು ತೂಗಿ ನೋಡಿ ಕೈಬಿಟ್ಟಿದ್ದಾರೆ. ಅಮರವನ್ನು ಬಾಯಿಪಾಠ ಮಾಡಿದ ನನಗೆ ಸೀಸದ ನಾಗವೇ ಸರಿಯೆಂದು ಆಗಲೂ ಕಂಡಿತು, ಈಗಲೂ ಕಾಣುತ್ತದೆ. ವಿದ್ವಾಂಸರು ಒಪ್ಪದಿದ್ದರೆ ಅದು ಅವರ ಪಾಡು. ಸೀಸದಂತೆ ಬೂದುಬಣ್ಣದ, ಸೀಸದಂತೆ ಸುಲಭವಾಗಿ ಕರಗುವ, ಆದರೆ ತುತ್ಥವೆಂದು ಕರೆಯುತ್ತಿದ್ದ ಕಣ್ಣಿನ ಅಂಜನದ ಭಸ್ಮಕ್ಕೆ ಸಂಬಂಧಪಟ್ಟ ಒಂದು ಹೊಸ ಲೋಹವನ್ನು ಕಂಡವನು ಅದನ್ನು ‘ತುತ್ಥದ ಸೀಸ’ವೆನ್ನದೆ ಮತ್ತೇನೆಂದು ಕರೆದಾನು? ತುತ್ಥವೆಂಬ ಮಾತು ತಾಮ್ರದ ನೀಲಿ ಹರಳಿಗೂ ಸತುವಿನ ಬಿಳಿ ಭಸ್ಮಕ್ಕೂ ಹಂಚಿಹೋಗಿದ್ದುದು ನಮ್ಮ ವೈದ್ಯರ ಗೊಂದಲ. ಮೈಲುತುತ್ತದಲ್ಲಿ ಸತುವಿಲ್ಲ, ತುತ್ತನಾಗದಲ್ಲಿ ಸೀಸವಿಲ್ಲ.

ಸತುವೆಂಬುದೇ ಲೋಹಗಳಲ್ಲಿ ಕಳ್ಳ. ಅದಿರನ್ನು ಇದ್ದಲಿನೊಂದಿಗೆ ಕಾಯಿಸಿದರೆ ತಾಮ್ರದಂತೆ ಕಬ್ಬಿಣದಂತೆ ಅದು ಕುಲುಮೆಯ ಬುಡದಲ್ಲಿ ನಿಲ್ಲುವುದಿಲ್ಲ. 907 ಡಿಗ್ರಿ ಸೆಂಟಿಗ್ರೇಡಿಗೇ ಕುದಿದು, ಆವಿಯಾಗಿ ಹೊಗೆಯೊಂದಿಗೆ ಹೊರಟುಹೋಗುತ್ತದೆ. ಆ ಆವಿಯನ್ನು ಹಿಡಿಯುವ ಉಪಾಯವನ್ನು ರಾಜಸ್ಥಾನದ ಜಾವರ್ ಗಣಿಗಳಲ್ಲಿ ನಮ್ಮವರು ಯೂರೋಪಿಗಿಂತ ಹಲವು ಶತಮಾನ ಮೊದಲೇ ಕಂಡುಕೊಂಡಿದ್ದರು. ರಸರತ್ನಸಮುಚ್ಚಯವು ಅದಕ್ಕೆ ವಿಧಿಸುವ ಮೂಷೆಯ ಹೆಸರು ವೃಂತಾಕಮೂಷೆ, ಬದನೆಕಾಯಿಯ ಆಕಾರದ್ದು. ಅದನ್ನು ಬೋರಲಾಗಿ ನಿಲ್ಲಿಸಿ ಮೇಲಿನಿಂದ ಕಾಯಿಸಿದರೆ ಆವಿ ತೊಟ್ಟಿನ ಕೊಳವೆಯೊಳಗೆ ಕೆಳಕ್ಕಿಳಿದು ತಣಿದು ಲೋಹವಾಗುತ್ತದೆ. ಜಾವರಿನಲ್ಲಿ ಅಂಥ ಮಣ್ಣಿನ ಮೂಷೆಗಳು ರಾಶಿರಾಶಿಯಾಗಿ ಬಿದ್ದಿವೆ, ಅಲ್ಲಿ ಮನೆಗಳ ಗೋಡೆಗಳಿಗೆ ಕೂಡ ಅವನ್ನೇ ಇಟ್ಟಿಗೆಯಾಗಿ ಇಟ್ಟಿದ್ದಾರೆ.

ಚೀನಿಯರೂ ಸತುವನ್ನು ಮಾಡಬಲ್ಲವರಾಗಿದ್ದರು, ಹೇರಳವಾಗಿ ಮಾರುತ್ತಿದ್ದರು. ಪಶ್ಚಿಮ ಕರಾವಳಿಯಲ್ಲಿ ನೆಲೆಸಿ ಚೀನಾದೊಡನೆ ವ್ಯಾಪಾರಕ್ಕಿಳಿದ ಪೋರ್ಚುಗೀಸರು ಲೋಹವನ್ನು ಅಲ್ಲಿಂದ ಕೊಂಡರು, ಅದರ ಹೆಸರನ್ನು ಇಲ್ಲಿಂದ. 1745ರಲ್ಲಿ ಕ್ಯಾಂಟನ್ನಿನಿಂದ ಹಿಂದಿರುಗುತ್ತಿದ್ದ ‘ಗೋಥೆಬೋರ್ಗ್’ ಎಂಬ ಸ್ವೀಡನ್ನಿನ ಹಡಗು, ಎರಡು ವರ್ಷಕ್ಕಿಂತ ಹೆಚ್ಚಿನ ಯಾನವನ್ನು ಮುಗಿಸಿ, ತನ್ನದೇ ಊರಿನ ಬಂದರಿನ ಬಾಯಿಗೆ ಬಂದು ಬಂಡೆಗೆ ಬಡಿದು ಮುಳುಗಿದಾಗ, ಅದರ ಹೊಟ್ಟೆಯಲ್ಲಿ ಚಹಾ, ರೇಶ್ಮೆ, ಪಿಂಗಾಣಿಗಳೊಂದಿಗೆ ತುತ್ತನಾಗದ ಗಟ್ಟಿಗಳೂ ಇದ್ದುವು. ಹಡಗಿನ ಪಟ್ಟಿಯಲ್ಲಿ ಅದಕ್ಕೆ ಬರೆದಿದ್ದುದೂ ಈ ಶಬ್ದದ ಒಂದು ರೂಪವೇ. ಸಹ್ಯಾದ್ರಿಯ ಕೆಳಗಿನ ಪೇಟೆಗಳಲ್ಲಿ ಕಾಸಿಗೆ ಸಿಕ್ಕುತ್ತಿದ್ದ ಒಂದು ಮಾತು ಉತ್ತರಧ್ರುವದ ಕಡೆಯ ಕಡಲಿನಲ್ಲಿ ಮುಳುಗಿತೆಂಬುದನ್ನು ಓದಿದ ದಿನ ನಾನು ಹಾಸ್ಟೆಲಿನ ಊಟಕ್ಕೆ ತಡವಾಗಿ ಹೋಗಿ ಬರಿಯ ಸಾರು ಉಂಡೆ.

ಚೀನಾದಿಂದ ಹಿಂದಿರುಗುವ ಅಂಥ ಹಡಗುಗಳಲ್ಲಿಯೇ ಇನ್ನೊಂದು ಬಿಳಿಯ ಲೋಹವೂ ಬರುತ್ತಿದ್ದಿತು. ಯುನ್ನಾನ್ ಪ್ರಾಂತದ ಅದಿರಿನಿಂದ ಆಗುತ್ತಿದ್ದ ಅದನ್ನು ಚೀನಿಯರು ಬಿಳಿ ತಾಮ್ರವೆಂದು ಕರೆದರು; ಕ್ಯಾಂಟನ್ನಿನವರ ಬಾಯಲ್ಲಿ ಅದು ‘ಪಾಕ್‌ತುಂಗ್’. ಯೂರೋಪಿನಲ್ಲಿ ಯಾರೋ ‘ತ’ವನ್ನು ‘ಫ’ವೆಂದು ತಪ್ಪಾಗಿ ಓದಿದುದರಿಂದ ‘ಪಾಕ್‌ಫಾಂಗ್’ ಎಂಬ ಇನ್ನೊಂದು ಶಬ್ದವೇ ಹುಟ್ಟಿ ಜರ್ಮನ್ ಪುಸ್ತಕಗಳಲ್ಲಿ ಬಹುಕಾಲ ಬಾಳಿತು. ಇಂಗ್ಲೆಂಡಿನ ಸಿರಿವಂತರು ಅದರಿಂದ ದೀಪಸ್ತಂಭಗಳನ್ನೂ ಅಗ್ಗಿಷ್ಟಿಕೆಯ ಅಳಿಗಳನ್ನೂ ಮಾಡಿಸಿಕೊಂಡರು. ವ್ಯಾಪಾರಿಗಳಿಗೆ ಚೀನಾದಿಂದ ಬಂದ ಬಿಳಿಯ ಲೋಹವೆಲ್ಲ ಒಂದೇ. ಆದುದರಿಂದ ಸತುವಿನ ಹೆಸರಾಗಿದ್ದ ತುತ್ತನಾಗ ಮೆಲ್ಲಗೆ ಬೆರಕೆಯ ಮೇಲೂ ಏರಿ ಕುಳಿತಿತು.

ಅದರಲ್ಲಿ ತಾಮ್ರ ಸತುಗಳಲ್ಲದೆ ಇನ್ನೇನಿದೆ ಎಂಬುದನ್ನು ಕಂಡವರು ಸ್ವೀಡನ್ನಿನವರು. ಜರ್ಮನಿಯ ಸ್ಯಾಕ್ಸನಿಯ ಗಣಿಗಾರರಿಗೆ ಬಹುಕಾಲದಿಂದ ಒಂದು ಅದಿರು ಕಾಟ ಕೊಡುತ್ತಿದ್ದಿತು. ನೋಡಲು ತಾಮ್ರದ ಅದಿರಿನಂತೆ ಕೆಂಪು, ಕಾಯಿಸಿದರೆ ತಾಮ್ರವೇ ಇಲ್ಲ, ಪಾಷಾಣದ ಹೊಗೆ ಮಾತ್ರ. ಭೂಮಿಯೊಳಗಿನ ತುಂಟ ಪಿಶಾಚಿಯೊಂದು ತಾಮ್ರವನ್ನು ಕದ್ದು ಮೋಸಮಾಡಿದೆಯೆಂದು ಅವರು ಅದನ್ನು ‘ಕುಪ್ಫರ್‌ನಿಕೆಲ್’, ತಾಮ್ರದ ಪಿಶಾಚಿ, ಎಂದು ಬೈದರು. ಅಂಥದೇ ಒಂದು ಅದಿರಿನಿಂದ ಆಕ್ಸೆಲ್ ಕ್ರೋನ್‌ಸ್ಟೆಡ್ಟ್ 1751ರಲ್ಲಿ ಹೊಸ ಲೋಹವೊಂದನ್ನು ಬೇರ್ಪಡಿಸಿ, ಹೆಸರಿನಲ್ಲಿ ತಾಮ್ರವನ್ನು ಬಿಟ್ಟು ಪಿಶಾಚಿಯನ್ನು ಉಳಿಸಿಕೊಂಡನು. ನಮ್ಮ ಕಡೆ ಚೌಡಿ ಹಿಡಿದ ಬಾವಿಗೂ ಒಂದು ಹೆಸರಿರುತ್ತದೆ, ಆದರೆ ಅದು ರಸಾಯನಶಾಸ್ತ್ರದ ಪಟ್ಟಿಗೆ ಏರುವುದಿಲ್ಲ. 1776ರಲ್ಲಿ ಎಂಗೆಸ್ಟ್ರೋಮ್ ಎಂಬ ಇನ್ನೊಬ್ಬ ಸ್ವೀಡಿಷ್ ವಿಜ್ಞಾನಿ ಚೀನಾದ ಬಿಳಿ ತಾಮ್ರವನ್ನು ವಿಶ್ಲೇಷಿಸಿ ಅದರ ಬಿಳುಪು ನಿಕಲ್‌ನದೆಂದು ತೋರಿಸಿದನು.

ಬೆರಕೆಯ ಗುಟ್ಟು ಬಯಲಾದ ಮೇಲೆ ಅದನ್ನು ಮಾಡುವ ಪೈಪೋಟಿ ಜರ್ಮನಿಯಲ್ಲಿ ನಡೆಯಿತು. 1823ರಲ್ಲಿ ಸ್ಯಾಕ್ಸನಿಯ ಷ್ನೇಬೆರ್ಗಿನಲ್ಲಿ ಗೈಟ್ನರ್ ಎಂಬ ವೈದ್ಯನು, ಪಿಶಾಚಿಯ ಅದಿರು ಸಿಕ್ಕುತ್ತಿದ್ದ ಆ ಬೆಟ್ಟಗಳಲ್ಲಿಯೇ, ಅದನ್ನು ಮಾಡಿ ‘ಅರ್ಜೆಂಟಾನ್’ ಎಂದು ಹೆಸರಿಟ್ಟನು. ಅದೇ ಸುಮಾರಿಗೆ ಬರ್ಲಿನ್ನಿನಲ್ಲಿ ಹೆನ್ನಿಗರ್ ಸಹೋದರರು ಮಾಡಿ ‘ನಾಯ್‌ಸಿಲ್ಬರ್’, ಹೊಸ ಬೆಳ್ಳಿ, ಎಂದರು. ಫ್ರಾನ್ಸಿನಲ್ಲಿ ಅದಕ್ಕೆ ಇರುವ ಹೆಸರು ‘ಮಾಯ್‌ಷೋರ್’: ಮಾಯೋ, ಷೋರಿಯೇ ಎಂಬ ಇಬ್ಬರು ಲಿಯೋನ್ ನಗರದ ಕೆಲಸಗಾರರ ಹೆಸರುಗಳ ಅರ್ಧ ಅರ್ಧವನ್ನು ಬೆಸೆದದ್ದು. ನನಗೆ ಈ ಎಲ್ಲ ಹೆಸರುಗಳಲ್ಲಿ ಅದೇ ಇಷ್ಟ. ಸುಳ್ಳು ಹೇಳದ ಹೆಸರು ಅದೊಂದೇ. ಇಂಗ್ಲಿಷರು, ತಮಗೆ ಎಲ್ಲಿಂದ ಬಂದಿತೋ ಆ ದೇಶದ ಹೆಸರನ್ನು ಹಚ್ಚಿ, ಜರ್ಮನ್ ಸಿಲ್ವರ್ ಎಂದರು. ಚೀನಾದ್ದು ಜರ್ಮನಿಯದಾಯಿತು, ತಾಮ್ರವು ಬೆಳ್ಳಿಯಾಯಿತು. ನೂರರಲ್ಲಿ ಅರುವತ್ತರಷ್ಟು ತಾಮ್ರವೂ, ಉಳಿದುದು ನಿಕಲ್ ಸತುಗಳೂ ಆಗಿರುವ ಅದರಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ. ಹೆಸರಿನ ಅಲೆದಾಟ ಅಲ್ಲಿಗೂ ನಿಲ್ಲಲಿಲ್ಲ. ಹುಬ್ಬಳ್ಳಿಯ ಕಡೆಯ ನೆಂಟರ ಮನೆಯಲ್ಲಿ ‘ಜರ್ಮನ್ ಪಾತ್ರೆ’ ಎಂದರೆ ಅಲ್ಯೂಮಿನಿಯಮ್ ಪಾತ್ರೆ. ಬೆಳ್ಳಿಯೂ ಬಿಟ್ಟುಹೋಗಿ ದೇಶ ಮಾತ್ರ ಉಳಿದಿದ್ದಿತು.

ಈ ಶಬ್ದಗಳ ಮದದಲ್ಲಿದ್ದ ನಾನು ಒಂದು ಸಂಜೆ, ರಸಾಯನಶಾಸ್ತ್ರ ಓದುತ್ತಿದ್ದ ಕೋಣೆಯ ಜೊತೆಗಾರನಿಗೆ ತಬಕಿನ ಕತೆಯನ್ನು ಹೇಳಿ, ಅದರ ಹಿಂದಿನ ನಾಲ್ಕು ಚೌಕಗಳನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಇ, ಪಿ, ಎನ್, ಎಸ್. ಅವನು ನಕ್ಕನು. “ಎಲೆಕ್ಟ್ರೋ ಪ್ಲೇಟೆಡ್ ನಿಕಲ್ ಸಿಲ್ವರ್ ಅಂತಲ್ಲವೇನೋ ಮಹರಾಯ? ಜರ್ಮನ್ ಸಿಲ್ವರ್‌ಗೇ ಅದು ಇನ್ನೊಂದು ಹೆಸರು. ಒಳಗೆ ಅದು, ಮೇಲೆ ಬೆಳ್ಳಿ.” 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದವರು ಸನ್ನದು ಪಡೆದ ವಿದ್ಯುಲ್ಲೇಪನದ ವಿಧಾನದಿಂದ, ಕಾಗದಕ್ಕಿಂತ ತೆಳುವಾದ ಅಪ್ಪಟ ಬೆಳ್ಳಿಯ ಪೊರೆಯನ್ನು ಜರ್ಮನ್ ಸಿಲ್ವರಿನ ಮೇಲೆ ಕೂರಿಸುತ್ತಿದ್ದರು. ಅಜ್ಜಿ ಬೆಳ್ಳಿಗೆ ಸಾಕ್ಷಿಯೆಂದು ತೋರಿಸುತ್ತಿದ್ದ ಮುದ್ರೆ, ತಬಕು ಏನೆಂಬುದನ್ನು ನಾಲ್ಕೇ ಅಕ್ಷರಗಳಲ್ಲಿ, ಪ್ರಾಮಾಣಿಕವಾಗಿ, ಅಷ್ಟು ವರ್ಷವೂ ಹೇಳುತ್ತಲೇ ಇದ್ದಿತು.

ರಜೆಗೆ ಊರಿಗೆ ಹೋದಾಗ ಮೆತ್ತನ್ನು ಹತ್ತಿ ತಬಕನ್ನು ಹುಡುಕಿ ತಂದೆ. ಅಜ್ಜಿ ತೀರಿಕೊಂಡು ಆಗಲೇ ಮೂರು ವರ್ಷವಾಗಿದ್ದಿತು. ಕಿಲುಬನ್ನು ತೊಳೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಬೋರಲು ಬದಿಯಲ್ಲಿ, ಮುದ್ರೆಯ ಸುತ್ತ, ಯಾರ ಕೈಯೂ ಹೆಚ್ಚು ತಾಗದಿದ್ದ ಕಡೆ, ಬಣ್ಣ ತಣ್ಣಗೆ, ಬೆಳದಿಂಗಳಂತೆ, ಬಿಳಿದಾಗಿದ್ದಿತು, ಅದು ಬೆಳ್ಳಿಯೇ. ಮೇಲ್ಬದಿಯಲ್ಲಿ ಅದು ಅಂಚಿನ ಬಳ್ಳಿಯ ಆಳವಾದ ಸಂದುಗಳಲ್ಲಿ ಗೆರೆಗೆರೆಯಾಗಿ ಉಳಿದು, ನಡುವಿಗೆ ಬರಬರುತ್ತ ಮಾಯವಾಗಿ, ನಾನು ಬಾಲ್ಯದಲ್ಲಿ ಹುಣಸೆಹಣ್ಣಿನದೆಂದು ತಿಳಿದಿದ್ದ ಆ ಹಳದಿಯ ಛಾಯೆಗೆ ಎಡೆಕೊಟ್ಟಿದ್ದಿತು. ಅಜ್ಜಿಯ ತಂದೆ ಸುಳ್ಳು ಹೇಳಿರಲಿಲ್ಲ. ಅವರು ಕಳುಹಿಸಿದ ಬೆಳ್ಳಿಯನ್ನು ನಾಲ್ವತ್ತು ವರ್ಷಗಳ ಹಬ್ಬಹಬ್ಬಕ್ಕೂ ಅಜ್ಜಿಯೇ ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಬಚ್ಚಲ ನೀರಿನಲ್ಲಿ ಹರಿಯಿಸಿದ್ದಳು. ಇದನ್ನು ಅಪ್ಪಯ್ಯನಿಗೆ ವಿವರಿಸಿದೆ. ಅವನು ತಬಕನ್ನು ಕೈಗೆ ತೆಗೆದುಕೊಂಡು, ಶೇಟರ ಅರದ ಗಾಯವಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಎಲೆಯಡಿಕೆ ತರಲು ಎದ್ದುಹೋದನು.

ಬೀದರಿಗೆ ಹೋದದ್ದು ಇದಾಗಿ ಎಷ್ಟೋ ವರ್ಷಗಳ ಮೇಲೆ, ಬಹಮನಿಯವರ ಕೋಟೆಯನ್ನು ವಿದ್ಯಾರ್ಥಿಗಳಿಗೆ ತೋರಿಸುವುದಕ್ಕಾಗಿ. ಕೋಟೆಯನ್ನು ಮುಗಿಸಿ ಊರೊಳಗಿನ ಗಲ್ಲಿಯೊಂದರಲ್ಲಿ ಬಿದರಿ ಕೆಲಸದವರ ಕಾರ್ಖಾನೆಯ ಹೊಸ್ತಿಲಲ್ಲಿ ನಿಂತೆವು. ಕಪ್ಪು ಹೂಜಿಯ ಮೇಲೆ ಬೆಳ್ಳಿಯ ಬಳ್ಳಿ ಹಬ್ಬಿದ ಬಿದರಿಯನ್ನು ನಾನು ಅಷ್ಟರಲ್ಲಿ ವಸ್ತುಸಂಗ್ರಹಾಲಯಗಳಲ್ಲಿ ನೋಡಿದ್ದೆನಾದರೂ, ಅದರ ಒಡಲು ಏನೆಂದು ವಿಚಾರಿಸಿರಲಿಲ್ಲ. ಒಳಗೆ ಕುಳಿತಿದ್ದ ವೃದ್ಧ ಉಸ್ತಾದರೊಬ್ಬರು ಮರಳಿನ ಅಚ್ಚಿನಿಂದ ಆಗತಾನೆ ತೆಗೆದು ಅರ ಹಾಕಿದ್ದ ಬೂದುಬಣ್ಣದ ಹೂಜಿಯೊಂದನ್ನು ತೊಡೆಗಳ ನಡುವೆ ಹಿಡಿದಿದ್ದರು. ಯಾವ ಲೋಹವೆಂದು ಕೇಳಿದೆ. “ಜಸ್ತ್, ಸಾಹೇಬ್ರೇ, ಸ್ವಲ್ಪ ತಾಂಬಾ,” ಎಂದರು. ಜಸ್ತ್ ಎಂದರೆ ಸತು. ಸ್ವಲ್ಪ ತಾಮ್ರ ಬೆರೆತ ತುತ್ತನಾಗ.

ಅವರ ಬಲಗಡೆ ಒಂದು ಚಿಪ್ಪಿನಲ್ಲಿ ನೀಲಿ ನೀರಿದ್ದಿತು. ನವಿಲಿನ ಕತ್ತಿನ ನೀಲಿ. ನನಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಉಸ್ತಾದರು ಬಟ್ಟೆಯ ಚೂರನ್ನು ಅದರಲ್ಲಿ ಅದ್ದಿ ಹೂಜಿಯ ಮೈಮೇಲೆ ಒಂದು ಸುತ್ತು ಎಳೆದರು. ಎಳೆದ ಕಡೆಯಲ್ಲೆಲ್ಲ ಬೂದುಬಣ್ಣದ ಲೋಹ ಕ್ಷಣದಲ್ಲಿ ಕಾಡಿಗೆಯಂತೆ ಕಪ್ಪಾಯಿತು. ಕೊನೆಗಾರನ ಕತ್ತಿಯ ಮೇಲೆ ಕೆಂಪಾಗಿ ಕೂರುತ್ತಿದ್ದ ಅದೇ ತಾಮ್ರ ಇಲ್ಲಿ ಸತುವಿನ ಮೇಲೆ ಮಸಿಯ ನಯದ ಪುಡಿಯಾಗಿ ಕೂತು ಕಪ್ಪಾಗಿ ಕಾಣುತ್ತಿದ್ದಿತು. 

ಈ ಕಪ್ಪು ಉಳಿಯುವ ಕಪ್ಪಲ್ಲ. ಅದರ ಮೇಲೆ ಉಳಿಯಿಂದ ಚಿತ್ರ ಬರೆದರೆ ಗೆರೆ ಬೆಳ್ಳಗೆ ಎದ್ದು ಕಾಣಲೆಂದು ಮಾತ್ರ. ಆ ಗೆರೆಗಳನ್ನು ಆಳವಾಗಿ ಕೊರೆದು, ಅವುಗಳೊಳಕ್ಕೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಇಡಿಯ ಮೈಯನ್ನು ಉಜ್ಜಿ ನಯಮಾಡಿದ ಮೇಲೆ, ಹಳೆಯ ಕೋಟೆಯ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ಬಿಸಿಮಾಡಿ ತಿಕ್ಕಿದರೆ ಬರುವುದು ನಿಜವಾದ ಕಪ್ಪು. ಅದು ಸತುವನ್ನು ಹಿಡಿಯುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಉಸ್ತಾದರು ಆ ಮಣ್ಣಿನ ಚಿಟಿಕೆಯನ್ನು ನಾಲಿಗೆಯ ತುದಿಗೆ ಹಚ್ಚಿ ರುಚಿ ನೋಡಿ, ಒಳ್ಳೆಯದೋ ಅಲ್ಲವೋ ಎಂದು ಹೇಳಬಲ್ಲವರಾಗಿದ್ದರು.

ವಿದ್ಯಾರ್ಥಿಗಳು ಹೊರಗೆ ಚಹಾದಂಗಡಿಗೆ ಹೋದರು. ನಾನು ಉಸ್ತಾದರ ಮುಂದೆಯೇ ಕುಕ್ಕರಿಸಿ ಕುಳಿತು, ಚಿಪ್ಪಿನ ನೀರಿಗೆ ಏನೆನ್ನುತ್ತೀರೆಂದು ಕೇಳಿದೆ.

“ನೀಲಾ ಥೋಥಾ.”

ಥೋಥಾ ಎಂದರೆ ತುತ್ಥವೇ. ಹಿಂದೂಸ್ತಾನಿಯ ಹಾದಿಯಲ್ಲಿ ಉರುಳಿ ಬಂದು ಮೂಲೆಗಳು ಸವೆದಿದ್ದುವು, ಅಷ್ಟೆ. ಅರ್ಧಗಂಟೆಯಿಂದ ನಾನು ನೋಡುತ್ತಿದ್ದುದು ತುತ್ತನಾಗದ ಮೇಲೆ ತುತ್ತವನ್ನು ಬಳಿಯುವುದನ್ನು.

“ನಿಮ್ಮ ಕಡೆ ಇದಕ್ಕೇನಂತಾರ್ರೀ?” ಎಂದು ಅವರು ಹೂಜಿಯಿಂದ ಕಣ್ಣೆತ್ತದೆ ಕೇಳಿದರು.

“ಮೈಲುತುತ್ತ.”

“ಮೈಲ್…?”

“ಮೈಲುತುತ್ತ,” ಎಂದು ಬಿಡಿಸಿ ಹೇಳಿದೆ.

ಅವರು ಅದನ್ನು ಬಾಯಲ್ಲಿ ಎರಡು ಸಲ ಹೊರಳಿಸಿ, ಪಕ್ಕದಲ್ಲಿ ತಂತಿ ಬಡಿಯುತ್ತಿದ್ದ ಹುಡುಗನ ಕಡೆಗೆ ತಿರುಗಿ, “ಸುನ್ ಲೇ, ಇವರ ಕಡೆ ಇದಕ್ಕ ಮೈಲಾ ಥೋಥಾ ಅಂತಾರಂತ,” ಎಂದು ಹೇಳಿ, ಬಟ್ಟೆಯನ್ನು ಮತ್ತೆ ಚಿಪ್ಪಿನಲ್ಲಿ ಅದ್ದಿದರು.